ಕೆಂಪಿಗೆ ಎದುರು ನಿಂತ ಬಣ್ಣಗಳು

ಅಮೆರಿಕದ ಅರಿಜೋನಾ ರಾಜ್ಯದ ಉತ್ತರದ ಅಂಚಿನಲ್ಲಿ ಪೇಜ್ ಎಂಬ ಸಣ್ಣ ಊರಿದೆ. ಕೊಲರಾಡೊ ನದಿಗೆ ಅಣೆಕಟ್ಟು ಕಟ್ಟಲು ಬಂದ ಕೆಲಸಗಾರರಿಗೆಂದು 1957ರಲ್ಲಿ ಬಟಾಬಯಲಿನಲ್ಲಿ ಎದ್ದ ಊರು ಅದು. ಈಗ ಅಲ್ಲಿಗೆ ಬರುವವರಲ್ಲಿ ಬಹಳಷ್ಟು ಮಂದಿ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡೇ ಬರುತ್ತಾರೆ. ಊರಿನ ಪೂರ್ವಕ್ಕೆ ಆಂಟೆಲೋಪ್ ಕಮರಿ. ನೈರುತ್ಯಕ್ಕೆ, ನದಿ ಕುದುರೆಲಾಳದ ಆಕಾರದಲ್ಲಿ ಬಂಡೆಯನ್ನು ಬಳಸಿ ಹೋಗುವ ಹಾರ್ಸ್‌ಶೂ ಬೆಂಡ್. ಉತ್ತರಕ್ಕೆ, ಅಣೆಕಟ್ಟಿನ ಬೆನ್ನಿಗೆ, ಗ್ಲೆನ್ ಕಮರಿಯನ್ನು ಮುಳುಗಿಸಿ ನಿಂತ ಪೊವೆಲ್ ಜಲಾಶಯ.

ಮೂರೂ ಕಡೆ ಕಲ್ಲು ಒಂದೇ, ನವಾಹೊ ಮರಳುಗಲ್ಲು. ಆದರೆ ಅಲ್ಲಿ ತೆಗೆದ ಮೂರು ಫೋಟೊಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಮನಸ್ಸನ್ನು ಬೆಚ್ಚಗೆ ತಬ್ಬುತ್ತದೆ, ಇನ್ನೊಂದು ಹಗುರ ಮಾಡುತ್ತದೆ, ಮತ್ತೊಂದು ಕಲಕಿಬಿಡುತ್ತದೆ. ಕಲ್ಲು ಬದಲಾಗಿಲ್ಲ, ಅದರ ಕೆಂಪಿಗೆ ಎದುರಾಗಿ ನಿಂತ ಬಣ್ಣ ಬದಲಾಗಿದೆ. ಕಮರಿಯ ಫೋಟೊ ತೆಗೆಯಲು ಹೊರಟವರ ಕೆಲಸ ಆ ಎದುರು ಬಣ್ಣವನ್ನು ಹುಡುಕುವುದು, ಸಿಕ್ಕಮೇಲೆ ಕಳೆದುಹೋಗದ ಹಾಗೆ ನೋಡಿಕೊಳ್ಳುವುದು.

ಈ ಕಲ್ಲು ಸುಮಾರು 19 ಕೋಟಿ ವರ್ಷಗಳ ಹಿಂದೆ ಗಾಳಿ ತಂದು ಗುಡ್ಡೆಹಾಕಿದ ಮರಳು. ಆಗ ಇಲ್ಲೆಲ್ಲ ಮರುಭೂಮಿ. ದಿಬ್ಬದ ಮೇಲೆ ದಿಬ್ಬ ಬಿದ್ದು, ಹೂತು, ಭಾರಕ್ಕೆ ಅಮುಕಿಕೊಂಡು ಗಟ್ಟಿಯಾಯಿತು. ಕಮರಿಯ ಗೋಡೆಗಳ ಮೇಲೆ ಓರೆಯಾಗಿ, ಒಂದನ್ನೊಂದು ಕತ್ತರಿಸುತ್ತ ಹೋಗುವ ಗೆರೆಗಳು ಆ ದಿಬ್ಬಗಳ ಇಳಿಜಾರುಗಳೇ. ಮರಳಿನ ಕಣ ಬೆಣಚುಕಲ್ಲಿನದು, ಅದಕ್ಕೆ ತನ್ನದೆನ್ನುವ ಬಣ್ಣವಿಲ್ಲ. ಕಣದ ಮೇಲೆ ಕೂತಿರುವ ಕಬ್ಬಿಣದ ಆಕ್ಸೈಡಿನ ತೆಳುಪೊರೆ ಅದನ್ನು ಕೆಂಪಾಗಿಸಿದೆ.

ಆಂಟೆಲೋಪ್ ಕಮರಿಯ ಬಾಯಲ್ಲಿ ಸರದಿಗೆ ಕಾಯುತ್ತಿದ್ದಾಗ ಬೆನ್ನ ಹಿಂದೆ ಬಾಗಲಕೋಟೆ ಕಡೆಯ ಮಾತು ಕಿವಿಗೆ ಬಿತ್ತು. ಮಗನ ಮನೆಗೆಂದು ಬಂದಿದ್ದ ತಾಯಿಯೊಬ್ಬರು ಬಗ್ಗಿ ಒಂದು ಚಿಟಿಕೆ ಮರಳೆತ್ತಿ, ಬೆರಳ ನಡುವೆ ತಿಕ್ಕಿ ನೋಡಿ, "ನಮ್ಮ ಗ್ವಾಡಿಗೆ ಹಚ್ಚೋ ಜಾಜಿನ ಬಣ್ಣಾನ ಐತಲ್ಲೋ ಇದು!" ಅಂದರು. "ಹೌದಬೇ, ಎರಡೂ ಕಬ್ಬಿಣದ ಮಣ್ಣ" ಅಂದ ಮಗ. ಅವರಿಬ್ಬರ ಮಾತೂ ನಿಜ. ಜಾಜಿನಲ್ಲಿರುವುದೂ ಇದೇ ಕಬ್ಬಿಣದ ಆಕ್ಸೈಡು. ಹಬ್ಬಕ್ಕೆ ಗೋಡೆಗೆ ಜಾಜು ಬಳಿದು, ಅದರ ಮೇಲೆ ಸುಣ್ಣದಲ್ಲಿ ಬಿಳಿ ಗೆರೆ ಎಳೆಯುವ ಕೈಗೆ ಇನ್ನೊಂದು ವಿಷಯವೂ ಗೊತ್ತಿರುತ್ತದೆ: ಬರೀ ಕೆಂಪು ಕಣ್ಣಲ್ಲಿ ನಿಲ್ಲುವುದಿಲ್ಲ, ಪಕ್ಕದಲ್ಲಿ ಬೇರೊಂದು ಬಣ್ಣ ಬಂದಾಗಲೇ ಅದು ಎದ್ದು ಕಾಣುವುದು.

ಈ ತಿಳಿವಳಿಕೆಯನ್ನು ನಿಯಮವಾಗಿ ಬರೆದಿಟ್ಟವರು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಷೆಲ್ ಯುಜೀನ್ ಶೆವ್ರೆಲ್. ಪ್ಯಾರಿಸ್ಸಿನ ಗೊಬೆಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ಅವರ ಕೈಯಲ್ಲಿತ್ತು. ಅಲ್ಲಿನ ಕಪ್ಪು ನೂಲಿಗೆ ಕಳೆಯಿಲ್ಲ ಎಂಬ ದೂರು ಬಂದಾಗ ಪರೀಕ್ಷೆ ಮಾಡಿ ನೋಡಿದರು. ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ಎಳೆಗಳು ಆ ಕಪ್ಪನ್ನು ಮಂಕಾಗಿಸಿದ್ದವು. ಎರಡು ಬಣ್ಣಗಳು ಅಕ್ಕಪಕ್ಕ ಬಂದರೆ ಒಂದು ಇನ್ನೊಂದನ್ನು ಬದಲಿಸಿ ತೋರಿಸುತ್ತದೆ ಎಂದು ಹೇಳುವ ಅವರ ಗ್ರಂಥ 1839ರಲ್ಲಿ ಹೊರಬಂತು. ಕೆಂಪಿನ ಪಕ್ಕ ಹಸಿರು, ಕಿತ್ತಳೆಯ ಪಕ್ಕ ನೀಲಿ, ಹಳದಿಯ ಪಕ್ಕ ನೇರಳೆ ಬಂದರೆ ಎರಡೂ ಉಜ್ವಲವಾಗುತ್ತವೆ. ಚಿತ್ರಕಾರರು ಕುಂಚದಿಂದ ಮಾಡುವ ಈ ಜೋಡಣೆಯನ್ನು ಕಮರಿಯಲ್ಲಿ ಬೆಳಕು ತಾನಾಗಿಯೇ ಮಾಡುತ್ತದೆ.

ಆಂಟೆಲೋಪ್ ಕಮರಿ ನವಾಹೊ ಜನರ ನೆಲ. ಅವರ ಮಾರ್ಗದರ್ಶಿಯ ಜೊತೆಯಲ್ಲದೆ ಒಳಗೆ ಹೋಗುವಂತಿಲ್ಲ. ಮರಳು ತುಂಬಿದ ಹಳ್ಳದ ಪಾತ್ರದಲ್ಲಿ ವಾಹನ ಕುಲುಕುತ್ತ ಸಾಗಿ, ಬಂಡೆಯೊಂದರ ಸೀಳಿನ ಮುಂದೆ ನಿಲ್ಲುತ್ತದೆ. ಕಮರಿಯ ಎರಡು ಭಾಗಗಳಲ್ಲಿ ಇದು ಮೇಲಿನ ಆಂಟೆಲೋಪ್. ಒಳಗೆ ಕಾಲಿಟ್ಟರೆ ನೆಲ ಸಮತಟ್ಟು. ಎರಡೂ ಬದಿಯ ಗೋಡೆಗಳು ತಿರುಚಿಕೊಳ್ಳುತ್ತ, ಉಬ್ಬುತ್ತ, ತಗ್ಗುತ್ತ ಸುಮಾರು 35 ಮೀಟರ್ ಮೇಲೇರಿ, ತುದಿಯಲ್ಲಿ ಒಂದರ ಕಡೆಗೊಂದು ವಾಲುತ್ತವೆ. ಆಕಾಶ ಒಂದು ಗೆರೆಯಷ್ಟು ಮಾತ್ರ ಉಳಿಯುತ್ತದೆ.

ಆ ಗೆರೆಯಿಂದ ಕೆಳಕ್ಕೆ ಕಣ್ಣನ್ನು ನಿಧಾನವಾಗಿ ಇಳಿಸಿ. ತೀರಾ ಮೇಲೆ, ಬಿಸಿಲು ನೇರ ಬಡಿದಲ್ಲಿ ಕಲ್ಲು ತಿಳಿಹಳದಿ. ಅದರ ಕೆಳಗೆ ಹೊನ್ನಿನ ಹಳದಿ, ಮತ್ತೆ ಕೆಳಗೆ ಕಿತ್ತಳೆ, ಇನ್ನೂ ಕೆಳಗೆ ಕೆಂಡದ ಕೆಂಪು. ಕಾಲ ಬುಡದಲ್ಲಿ, ಗೋಡೆ ಒಳಸರಿದ ಪೊಟರೆಗಳಲ್ಲಿ ನೇರಳೆ. ಇಷ್ಟು ಬಣ್ಣಗಳೂ ಒಂದೇ ಕಲ್ಲಿನವು.

ಇದು ನಡೆಯುವ ಬಗೆ ಸರಳ. ಸೂರ್ಯನ ಬೆಳಕು ಒಂದು ಗೋಡೆಗೆ ಬಡಿದು ಎದುರಿನ ಗೋಡೆಗೆ ಪುಟಿಯುತ್ತದೆ, ಅಲ್ಲಿಂದ ಮತ್ತೆ ಈಚೆಗೆ. ಕಬ್ಬಿಣದ ಪೊರೆ ಪ್ರತಿ ಬಡಿತಕ್ಕೂ ನೀಲಿಯನ್ನು ಹೆಚ್ಚು ನುಂಗಿಕೊಂಡು ಕೆಂಪನ್ನು ಹೆಚ್ಚು ಹಿಂದಿರುಗಿಸುತ್ತದೆ. ಒಂದು ಬಡಿತದಲ್ಲಿ ಕೆಂಪು ನೀಲಿಯ ಎರಡರಷ್ಟು ಉಳಿಯಿತು ಎಂದಿಟ್ಟುಕೊಳ್ಳಿ. ಎರಡನೆಯದಕ್ಕೆ ಅದು ನಾಲ್ಕರಷ್ಟು, ಮೂರನೆಯದಕ್ಕೆ ಎಂಟರಷ್ಟು. ಆಳಕ್ಕೆ ಇಳಿದಷ್ಟೂ ಬೆಳಕು ಕಡಿಮೆಯಾಗುತ್ತ ಕೆಂಪು ಗಾಢವಾಗುತ್ತ ಹೋಗುತ್ತದೆ. ಈ ಪುಟಿದ ಬೆಳಕು ಕೂಡ ತಲುಪದ ಮೂಲೆಗಳಿಗೆ ಬರುವುದು ನೀಲಿ ಆಕಾಶದ ಬೆಳಕೊಂದೇ. ಕೆಂಪು ಕಲ್ಲಿನ ಮೇಲೆ ಆ ನೀಲಿ ಬಿದ್ದಾಗ ನೇರಳೆ ಮೂಡುತ್ತದೆ. ಹಾಗಾಗಿ ಆ ನೆರಳು ಬೆಳಕಿಲ್ಲದ ಜಾಗವಾಗಿರದೆ ಆಕಾಶ ಇಳಿದುಬಂದ ಜಾಗವಾಗಿರುತ್ತದೆ. ಕಿತ್ತಳೆಗೆ ಉರಿ ಬರುವುದು ಈ ನೇರಳೆ ಪಕ್ಕದಲ್ಲಿದ್ದಾಗ.

ಒಳಗೆ ಬಂದವರ ಕೈಯಲ್ಲಿ ಹೆಚ್ಚಾಗಿ ಮೊಬೈಲೇ ಇರುತ್ತದೆ. ಮಾರ್ಗದರ್ಶಿಗಳು ಒಬ್ಬೊಬ್ಬರ ಮೊಬೈಲನ್ನೂ ಪ್ರೀತಿಯಿಂದ ಇಸಿದುಕೊಂಡು, ಕ್ಯಾಮೆರಾವನ್ನು ಬೆಚ್ಚನೆಯ ಬಣ್ಣದ ಫಿಲ್ಟರಿಗೆ ಹಾಕಿಕೊಡುತ್ತಾರೆ. ತಕ್ಷಣ ಪರದೆ ತುಂಬ ಕಿತ್ತಳೆ ಉಕ್ಕುತ್ತದೆ, ನೋಡಿದವರ ಮುಖ ಅರಳುತ್ತದೆ. ಅವರು ಹೀಗೆ ಮಾಡುವುದಕ್ಕೆ ಕಾರಣವಿದೆ. ಆಟೊ ವೈಟ್ ಬ್ಯಾಲೆನ್ಸ್‌ನಲ್ಲಿ ಬಿಟ್ಟರೆ ಕ್ಯಾಮೆರಾ ಈ ಕೆಂಪು ಬೆಳಕನ್ನು ದೋಷವೆಂದು ತಿಳಿದು ತಿದ್ದಿಬಿಡುತ್ತದೆ, ಕಮರಿ ಬೂದುಗಂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಬೆಚ್ಚನೆಯ ಫಿಲ್ಟರಿಗೆ ನೇರಳೆ ಬಲಿಯಾಗುತ್ತದೆ. ಇವೆರಡರ ನಡುವಿನ ದಾರಿ ವೈಟ್ ಬ್ಯಾಲೆನ್ಸನ್ನು ಹಗಲ ಬೆಳಕಿಗೆ, ಸುಮಾರು 5,200 ಕೆಲ್ವಿನ್‌ಗೆ, ಕಟ್ಟಿಹಾಕಿ ರಾ ಫೈಲಿನಲ್ಲಿ ತೆಗೆಯುವುದು. ಆಗ ಬೆಚ್ಚನೆಯದು ಬೆಚ್ಚಗೆ, ತಂಪಿನದು ತಂಪಾಗಿ ಉಳಿಯುತ್ತದೆ.

ನಮ್ಮ ಕಣ್ಣೂ ಇದೇ ತಿದ್ದುಪಡಿ ಮಾಡುತ್ತಿರುತ್ತದೆ. ಸ್ವಲ್ಪ ಹೊತ್ತು ಒಳಗಿದ್ದರೆ ಕೆಂಪು ಬೆಳಕಿಗೆ ಒಗ್ಗಿಕೊಂಡು ಅದನ್ನು ಸಹಜವೆಂದು ಓದತೊಡಗುತ್ತದೆ. ಆಚೆ ಬದಿಯಿಂದ ಹೊರಬಂದು ತಲೆಯೆತ್ತಿದಾಗ ಆಕಾಶ ಹಿಂದೆಂದೂ ಕಾಣದಷ್ಟು ನೀಲಿಯಾಗಿ ಕಾಣುವುದು ಅದಕ್ಕೇ. ಆದ್ದರಿಂದ ಒಳಗೆ ಕಾಲಿಟ್ಟ ಮೊದಲ ನಿಮಿಷಗಳ ನೋಟವನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಬೇಕು. ಮನೆಗೆ ಬಂದು ಕಂಪ್ಯೂಟರಿನ ಮುಂದೆ ಬಣ್ಣ ಸರಿಮಾಡುವಾಗ ಅಳತೆಗೋಲು ಅದೇ.

ಫ್ರೇಮಿನೊಳಗೆ ಆಕಾಶವನ್ನು ಸೇರಿಸುವ ಆಸೆ ಬಿಡುವುದು ಒಳ್ಳೆಯದು. ಆ ಒಂದು ಗೆರೆ ಸುತ್ತಲಿನ ಕಲ್ಲಿಗಿಂತ ಎಷ್ಟೋ ಪಟ್ಟು ಪ್ರಕಾಶಮಾನ. ಅದು ಬಂದರೆ ಬೆಳ್ಳಗೆ ಸುಟ್ಟುಹೋಗುತ್ತದೆ, ಇಲ್ಲವೇ ಗೋಡೆಗಳು ಕತ್ತಲಾಗುತ್ತವೆ. ಅದಕ್ಕಿಂತ ಒಂದು ಅಂಚನ್ನು ಹುಡುಕಿ. ಆಳೆತ್ತರದಲ್ಲಿ ಒಂದು ಕಲ್ಲಿನ ಏಣು ಹೊರಕ್ಕೆ ಚಾಚಿರುತ್ತದೆ. ಅದರ ಈ ಮಗ್ಗುಲಿಗೆ ಎದುರು ಗೋಡೆಯ ಕಿತ್ತಳೆ ಬೆಳಕು, ಆ ಮಗ್ಗುಲಿಗೆ ಆಕಾಶದ ನೇರಳೆ. ನಡುವೆ ಕೂದಲೆಳೆಯ ಅಗಲದಲ್ಲಿ ಬಣ್ಣ ಬದಲಾಗುತ್ತದೆ. ಹತ್ತಿರ ಹೋದರೆ ಹಳೆಯ ದಿಬ್ಬದ ಗೆರೆಗಳು ಕಿತ್ತಳೆಯಿಂದ ಹೊರಟು ಏಣನ್ನು ದಾಟಿ ನೇರಳೆಯೊಳಗೆ ಮುಂದುವರಿಯುವುದು ಕಾಣುತ್ತದೆ. ಇಡೀ ಕಮರಿಯ ಗುಟ್ಟು ಆ ಒಂದಡಿ ಜಾಗದಲ್ಲಿದೆ. ಸಾಮಾನ್ಯ ಪ್ರವಾಸಗಳಲ್ಲಿ ಟ್ರೈಪಾಡ್ ಒಯ್ಯಲು ಬಿಡುವುದಿಲ್ಲ, ಆದ್ದರಿಂದ ಐಎಸ್‌ಒ ಏರಿಸಿ, ಮೊಣಕೈಯನ್ನು ಮೈಗೆ ಒತ್ತಿ, ಉಸಿರು ಹಿಡಿದು ತೆಗೆಯಬೇಕು. ಮೇಲಿನಿಂದ ಸಣ್ಣ ಮರಳು ಉದುರುತ್ತಲೇ ಇರುವುದರಿಂದ ಒಳಗೆ ಲೆನ್ಸ್ ಬದಲಿಸುವ ಗೋಜಿಗೆ ಹೋಗಬಾರದು.

ಮಾರ್ಚ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ, ನಡುಹಗಲಿನ ಆಸುಪಾಸಿನಲ್ಲಿ, ಮೇಲಿನ ಸೀಳಿನಿಂದ ಬಿಸಿಲು ಕೋಲಾಗಿ ಇಳಿದು ನೆಲ ಮುಟ್ಟುತ್ತದೆ. ಗಾಳಿಯಲ್ಲಿ ತೇಲುವ ದೂಳಿನ ಕಣಗಳು ಬೆಳಗಿ, ಇಡೀ ಕಂಬ ಕಣ್ಣೆದುರು ಎದ್ದು ನಿಲ್ಲುತ್ತದೆ. ಜನ ಇದಕ್ಕಾಗಿಯೇ ಮುಗಿಬೀಳುತ್ತಾರೆ. ಆದರೆ ಆ ಬಿಳಿ ಕಂಬ ಕಣ್ಣನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಸುತ್ತಲ ಬಣ್ಣಗಳು ಹಿಂದೆ ಸರಿದು ಬೆಳಕು–ಕತ್ತಲೆಯ ಹೋರಾಟವಷ್ಟೇ ಉಳಿಯುತ್ತದೆ. ಅದರ ಭಾವ ಬೆರಗು. ಬಣ್ಣಗಳ ಮಾತುಕತೆ ಬೇಕಾದವರು ಕಂಬ ಸರಿದುಹೋದ ಮೇಲೆ ನಿಲ್ಲಬೇಕು, ಇಲ್ಲವೇ ಸೂರ್ಯ ಕೆಳಗೇ ಉಳಿಯುವ ಚಳಿಗಾಲದಲ್ಲಿ ಬರಬೇಕು. ಆಗ ಕಂಬವಿರುವುದಿಲ್ಲ, ನೀಲಿ–ನೇರಳೆಗಳು ಗೋಡೆಯ ಮೇಲೆ ಇನ್ನಷ್ಟು ಎತ್ತರಕ್ಕೆ ಏರಿರುತ್ತವೆ.

ಕೆಳಗಿನ ಆಂಟೆಲೋಪ್ ಮೇಲಿನದಕ್ಕೆ ತಿರುಗುಮುರುಗು. ಮೇಲೆ ಅಗಲ, ಕೆಳಗೆ ಪಾದ ಊರಲೂ ಇಕ್ಕಟ್ಟು. ಉಕ್ಕಿನ ಮೆಟ್ಟಿಲುಗಳಲ್ಲಿ ಇಳಿಯಬೇಕು. ಬೆಳಕು ಧಾರಾಳವಾಗಿರುವುದರಿಂದ ಬಣ್ಣಗಳು ತಿಳಿ, ಭಾವ ಲವಲವಿಕೆಯದು. ಆದರೆ ಈ ನುಣುಪಾದ ತಿರುವುಗಳನ್ನೆಲ್ಲ ಕೆತ್ತಿದ್ದು ದಿಢೀರ್ ಪ್ರವಾಹ. 1997ರ ಆಗಸ್ಟ್ 12ರಂದು ದೂರದಲ್ಲೆಲ್ಲೋ ಸುರಿದ ಮಳೆಯ ನೀರು ಈ ಸೀಳಿಗೆ ನುಗ್ಗಿ 11 ಪ್ರವಾಸಿಗರನ್ನು ಬಲಿ ತೆಗೆದುಕೊಂಡಿತು. ಗೋಡೆಯ ಒಂದೊಂದು ಬಳುಕೂ ನೀರಿನ ವೇಗದ ಗುರುತು ಎಂದು ತಿಳಿದು ನೋಡಿದವರು ಆ ಬಳುಕಿನಲ್ಲಿ ಚೆಲುವಿನ ಜೊತೆಗೆ ಬಲವನ್ನೂ ಕಾಣುತ್ತಾರೆ. ಅಂಥವರು ನೆರಳನ್ನು ಎತ್ತಿ ಬೆಳ್ಳಗೆ ಮಾಡುವ ಬದಲು ಅದರ ಆಳವನ್ನು ಹಾಗೇ ಉಳಿಸುತ್ತಾರೆ.

ಈ ಇಕ್ಕಟ್ಟಿನಿಂದ ಹಾರ್ಸ್‌ಶೂ ಬೆಂಡಿಗೆ ಬಂದರೆ ಎದೆ ತೆರೆದುಕೊಳ್ಳುತ್ತದೆ. ವಾಹನ ನಿಲ್ಲಿಸಿ ಸುಮಾರು ಒಂದು ಕಿಲೊಮೀಟರ್ ನಡೆದರೆ ನೆಲ ಇದ್ದಕ್ಕಿದ್ದಂತೆ ಮುಗಿಯುತ್ತದೆ. ಸುಮಾರು 300 ಮೀಟರ್ ಕೆಳಗೆ ಕೊಲರಾಡೊ ನದಿ ದೊಡ್ಡ ಬಂಡೆಯೊಂದನ್ನು ಸುತ್ತುವರಿದು ಹೊರಳುತ್ತದೆ. ಬಂಡೆ ಕೆಂಪು, ನೀರು ಪಚ್ಚೆ ಹಸಿರು. ಶೆವ್ರೆಲ್ ಹೇಳಿದ ಜೋಡಿ ಇಲ್ಲಿ ನಾಡಿನಷ್ಟು ಅಗಲಕ್ಕೆ ಹರಡಿದೆ. ಕೆಂಪು ಸುತ್ತ ಹಬ್ಬಿ, ಹಸಿರು ಅದರ ನಡುವೆ ಪಟ್ಟಿಯಾಗಿ ಹರಿಯುವುದರಿಂದ ಕಣ್ಣು ನೀರಿನ ಜೊತೆಗೇ ತಿರುಗುತ್ತ ಹೋಗುತ್ತದೆ, ಮನಸ್ಸು ಹಗುರಾಗುತ್ತದೆ.

ಬೆಳಗಿನ ಹೊತ್ತು ಬಂಡೆಯ ನೆರಳು ನದಿಯ ಮೇಲೆ ಬಿದ್ದಿರುತ್ತದೆ, ಹಸಿರು ಕಪ್ಪಿಗೆ ತಿರುಗಿರುತ್ತದೆ. ಸೂರ್ಯ ಮೇಲೇರಿ ನೀರಿಗೆ ನೇರ ಬೆಳಕು ಬಿದ್ದಾಗ ಹಸಿರು ಬೆಳಗುತ್ತದೆ. ಪೋಲರೈಸರ್ ಫಿಲ್ಟರನ್ನು ತಿರುಗಿಸಿದರೆ ನೀರಿನ ಮೇಲ್ಮೈಯ ಹೊಳಪು ಕಳಚಿ ಒಳಗಿನ ಬಣ್ಣ ಕಾಣುತ್ತದೆ. ಆದರೆ ಇಷ್ಟು ಅಗಲದ ನೋಟಕ್ಕೆ ಅಗಲ ಲೆನ್ಸೇ ಬೇಕು, ಅಂಥ ಲೆನ್ಸಿಗೆ ಪೋಲರೈಸರ್ ಹಾಕಿದರೆ ಆಕಾಶ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಪೇಲವವಾಗುತ್ತದೆ. ಆಕಾಶಕ್ಕೆ ಫ್ರೇಮಿನಲ್ಲಿ ಕಡಿಮೆ ಜಾಗ ಕೊಡುವುದೇ ಇದಕ್ಕೆ ಮದ್ದು.

ಸಂಜೆ ಇಲ್ಲಿ ನಿಂತವರು ಸೂರ್ಯನಿಗೆ ಮುಖಮಾಡಿರುತ್ತಾರೆ. ಹೊತ್ತು ಮುಳುಗಿದ ಮೇಲೆ ನಡೆಯುವುದನ್ನು ಗಮನಿಸಬೇಕು. ಬೆಳಕು ಇಳಿಯುತ್ತಿದ್ದಂತೆ ಕಣ್ಣಿಗೆ ಮೊದಲು ಕಂದುವುದು ಬಂಡೆಯ ಕೆಂಪು. ನದಿಯ ನೀಲಿ–ಹಸಿರು ಇನ್ನೂ ಸ್ವಲ್ಪ ಹೊತ್ತು ಮಿನುಗುತ್ತದೆ. ಮಬ್ಬು ಬೆಳಕಿನಲ್ಲಿ ಕೆಂಪು ಹೂವು ಕಪ್ಪಾಗಿ, ಎಲೆ ತಿಳಿಯಾಗಿ ಕಾಣುವುದನ್ನು 1819ರಲ್ಲಿ ಗುರುತಿಸಿದವರು ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ. ಕ್ಯಾಮೆರಾಕ್ಕೆ ಈ ಗುಣವಿಲ್ಲ. ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಅದು ಮಧ್ಯಾಹ್ನದ ಕೆಂಪನ್ನೇ ಮತ್ತೆ ಎತ್ತಿಕೊಡುತ್ತದೆ. ಮುಸ್ಸಂಜೆಯ ಭಾವ ಬೇಕೆಂದರೆ ಎಕ್ಸ್‌ಪೋಷರ್ ತಗ್ಗಿಸಿ ಕೆಂಪನ್ನು ಕಂದಲು ಬಿಡಬೇಕು.

ಹಾರ್ಸ್‌ಶೂ ಬೆಂಡಿನ ಈ ಹಸಿರಿಗೆ ಒಂದು ಚರಿತ್ರೆಯಿದೆ. ಮೊದಲು ಕೊಲರಾಡೊ ಇಲ್ಲಿ ಕೆಂಪು ಹೂಳು ಹೊತ್ತು ಹರಿಯುತ್ತಿತ್ತು, ಕಲ್ಲೂ ಕೆಂಪು, ನೀರೂ ಕೆಂಪು. ಕೆಲವೇ ಕಿಲೊಮೀಟರ್ ಮೇಲೆ 216 ಮೀಟರ್ ಎತ್ತರದ ಗ್ಲೆನ್ ಕ್ಯಾನಿಯನ್ ಅಣೆಕಟ್ಟು ಎದ್ದಿತು, 1963ರಲ್ಲಿ ಅದರ ಬಾಗಿಲು ಮುಚ್ಚಿತು. ಹೂಳು ಜಲಾಶಯದಲ್ಲೇ ತಂಗಿತು. ಆಳದಿಂದ ಹೊರಬಿಡುವ ತಣ್ಣನೆಯ ತಿಳಿನೀರು ಕೆಳಗೆ ಹರಿಯಿತು. ತಿಳಿನೀರಿನ ತಳಕ್ಕೆ ಬಿಸಿಲು ತಲುಪಿ ಪಾಚಿ ಬೆಳೆಯಿತು. ಇಂದು ಲೋಕವೆಲ್ಲ ಮೆಚ್ಚುವ ಆ ಕೆಂಪು–ಹಸಿರಿನ ಸೊಬಗಿಗೆ ಅಣೆಕಟ್ಟು ಕಾರಣ. ಅದಕ್ಕೆ ತೆತ್ತ ಬೆಲೆ ಅಣೆಕಟ್ಟಿನ ಆಚೆಗಿದೆ.

ಆಚೆಗಿದ್ದದ್ದು ಗ್ಲೆನ್ ಕಮರಿ. ಅದರ ಬಣ್ಣಗಳನ್ನು ನಮಗೆ ಉಳಿಸಿಕೊಟ್ಟವರಲ್ಲಿ ಮುಖ್ಯರು ಎಲಿಯಟ್ ಪೋರ್ಟರ್. ವೈದ್ಯಕೀಯ ಓದಿ, ಹಾರ್ವರ್ಡ್‌ನಲ್ಲಿ ಪಾಠ ಹೇಳಿ, ಆಮೇಲೆ ಅದನ್ನು ಬಿಟ್ಟು ಕ್ಯಾಮೆರಾ ಹಿಡಿದವರು. ನಿಸರ್ಗದ ಗಂಭೀರ ಫೋಟೊ ಎಂದರೆ ಕಪ್ಪು–ಬಿಳುಪು ಎಂದು ನಂಬಿದ್ದ ಕಾಲದಲ್ಲಿ ಬಣ್ಣವನ್ನೇ ನಂಬಿದವರು. ಕಮರಿ ಮುಳುಗುವ ಮೊದಲಿನ ವರ್ಷಗಳಲ್ಲಿ ದೋಣಿಯಲ್ಲಿ ಹೋಗಿ, ಪಕ್ಕದ ಸೀಳುಗಳನ್ನು ಹೊಕ್ಕು ಅವರು ತೆಗೆದ ಚಿತ್ರಗಳು 'ದಿ ಪ್ಲೇಸ್ ನೋ ಒನ್ ನ್ಯೂ' ಎಂಬ ಹೆಸರಿನಲ್ಲಿ, ಅಣೆಕಟ್ಟಿನ ಬಾಗಿಲು ಮುಚ್ಚಿದ ಅದೇ 1963ರಲ್ಲಿ, ಸಿಯೆರಾ ಕ್ಲಬ್‌ನಿಂದ ಪುಸ್ತಕವಾದವು. ಅಲ್ಲಿ ದೊಡ್ಡ ದೃಶ್ಯಗಳಿಗಿಂತ ಚಿಕ್ಕ ಜಾಗಗಳೇ ಹೆಚ್ಚು: ಒದ್ದೆ ಕಲ್ಲಿನ ಮೇಲೆ ಆಕಾಶದ ನೀಲಿ, ಅದರ ಪಕ್ಕದ ನೀರಿನಲ್ಲಿ ಬಿಸಿಲು ಬಿದ್ದ ಗೋಡೆಯ ಹೊನ್ನು. ಮೂರು ಬಣ್ಣಗಳನ್ನು ಒಂದೊಂದಾಗಿ ಕಾಗದಕ್ಕೆ ಇಳಿಸುವ ಡೈ ಟ್ರಾನ್ಸ್‌ಫರ್ ವಿಧಾನದಲ್ಲಿ ಅವರು ಮುದ್ರಿಸುತ್ತಿದ್ದರು. ಯಾವುದನ್ನು ಎಷ್ಟು ಏರಿಸಬೇಕು, ಇಳಿಸಬೇಕು ಎಂಬುದು ಅವರ ಕೈಯಲ್ಲೇ ಇತ್ತು. ಆದರೂ ತಂಪಿನ ನೀಲಿಯನ್ನು ಬೆಚ್ಚನೆಯ ಹೊನ್ನಿಗೆ ಒಪ್ಪಿಸಲಿಲ್ಲ. ಆ ಪುಟಗಳು ಇವತ್ತಿಗೂ ಉಸಿರಾಡುವುದು ಅದರಿಂದಲೇ.

ಜಲಾಶಯ ತುಂಬಲು 1980ರವರೆಗೆ ಹಿಡಿಯಿತು. ಆಮೇಲಿನ ದಶಕಗಳ ಬರ, ಬಳಕೆ ಎರಡೂ ಸೇರಿ ನೀರನ್ನು ಇಳಿಸಿದವು. 2023ರ ಫೆಬ್ರವರಿಯಲ್ಲಿ ಅದು ತುಂಬುಮಟ್ಟಕ್ಕಿಂತ ಸುಮಾರು 55 ಮೀಟರ್ ಕೆಳಗಿತ್ತು. ಜಲಾಶಯ ತುಂಬಿದ ಮೇಲೆ ಅಷ್ಟು ಕೆಳಗೆ ಹೋದದ್ದು ಅದೇ ಮೊದಲು. ನೀರು ಇಳಿದಲ್ಲೆಲ್ಲ ಸುಣ್ಣದಂಶ ಗೋಡೆಗೆ ಅಂಟಿ ಬಿಳಿ ಪಟ್ಟಿಯಾಗಿ ಉಳಿದಿದೆ. ಮೇಲೆ ಕೆಂಪು ಬಂಡೆ, ಅದರ ಕೆಳಗೆ ಅಳತೆಪಟ್ಟಿ ಹಿಡಿದು ಎಳೆದಷ್ಟು ನೇರವಾದ ಬಿಳುಪು, ಅದರ ಬುಡದಲ್ಲಿ ನೀಲಿ ನೀರು. ಇಲ್ಲಿ ಕೆಂಪಿಗೆ ಎದುರಾದ ಬಣ್ಣ ಬಿಳಿ. ಅದು ಕೆಂಪನ್ನು ಎದ್ದು ಕಾಣಿಸುವಂತೆ ಮಾಡುತ್ತದೆ ನಿಜ, ಆದರೆ ನೋಡಿದವರ ಮನಸ್ಸು ಕಲಕುತ್ತದೆ. ಎಷ್ಟು ಮುಳುಗಿತ್ತು, ಎಷ್ಟು ಬತ್ತಿತು ಎಂಬ ಎರಡೂ ಲೆಕ್ಕ ಆ ಗೋಡೆಯ ಮೇಲೇ ಇದೆ. ನೀರು ಬಿಟ್ಟುಕೊಟ್ಟ ಪಕ್ಕದ ಕಮರಿಗಳಲ್ಲಿ ಕಾಟನ್‌ವುಡ್ ಸಸಿಗಳು ಮತ್ತೆ ತಲೆಯೆತ್ತಿವೆ. ಬಿಳಿ ಪಟ್ಟಿಯ ಮುಂದೆ ಆ ಎಳೆಹಸಿರನ್ನು ಇಟ್ಟು ತೆಗೆದ ಚಿತ್ರದಲ್ಲಿ ನೋವಿನ ಜೊತೆಗೆ ಭರವಸೆಯೂ ಇರುತ್ತದೆ.

ಈ ಬಿಳುಪಿನ ಚಿತ್ರವನ್ನು ಅನೇಕರು ತೆಗೆಯುವುದಿಲ್ಲ, ತೆಗೆದರೂ ತಿದ್ದಿ ಮಸುಕು ಮಾಡುತ್ತಾರೆ. ಕಮರಿಯೆಂದರೆ ಉರಿಯುವ ಕೆಂಪು ಎಂಬ ನಿರೀಕ್ಷೆ ಅಷ್ಟು ಬಲವಾಗಿದೆ. 1990ರಲ್ಲಿ ಬಂದ ಫ್ಯೂಜಿಯ ವೆಲ್ವಿಯಾ ಫಿಲ್ಮ್ ಬಣ್ಣಗಳನ್ನು ಗಾಢಗೊಳಿಸಿ ನಿಸರ್ಗದ ಛಾಯಾಗ್ರಾಹಕರ ಮನಗೆದ್ದಿತು. ಈಗ ಆ ಗಾಢತೆಯನ್ನು ಎಷ್ಟು ಬೇಕಾದರೂ ಏರಿಸುವ ಸ್ಲೈಡರ್ ಪ್ರತಿ ಮೊಬೈಲಿನಲ್ಲಿದೆ. ಕೆಂಪನ್ನು ಏರಿಸುತ್ತ ಹೋದಂತೆ ನೇರಳೆ ಕೆಂಪಾಗುತ್ತದೆ, ಬಿಳಿ ಗುಲಾಬಿಯಾಗುತ್ತದೆ, ಎದುರು ನಿಂತ ಬಣ್ಣ ಸಾಯುತ್ತದೆ. ಎದುರಾಳಿ ಇಲ್ಲದ ಕೆಂಪು ಒಂದು ಕ್ಷಣ ಕಣ್ಣಿಗೆ ಹೊಡೆದು ಮರುಕ್ಷಣಕ್ಕೆ ಮರೆತುಹೋಗುತ್ತದೆ.

ಕಮರಿಗೆ ಕ್ಯಾಮೆರಾ ಹಿಡಿದು ಹೋಗುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಕಲ್ಲಿನ ಕೆಂಪನ್ನು ಬೆಳಕು ನೋಡಿಕೊಳ್ಳುತ್ತದೆ. ನೀವು ನೆರಳಿನ ನೇರಳೆಯನ್ನು, ನೀರಿನ ಹಸಿರನ್ನು, ಗೋಡೆಯ ಬಿಳುಪನ್ನು ನೋಡಿಕೊಳ್ಳಿ. ಪೋರ್ಟರ್ ದೋಣಿಯಲ್ಲಿ ಸಾಗಿದ ಕಮರಿ ಹೇಗಿತ್ತೆಂದು ಇಂದು ತಿಳಿಯಬೇಕಾದರೆ ಅಂಥ ಚಿತ್ರಗಳನ್ನೇ ಕೇಳಬೇಕು. ನೀವು ಈ ವರ್ಷ ತೆಗೆದ ಚಿತ್ರವನ್ನೂ ಮುಂದೆ ಯಾರೋ ಹಾಗೆ ಕೇಳುತ್ತಾರೆ: ನೀರು ಎಲ್ಲಿಯವರೆಗಿತ್ತು, ನದಿ ಯಾವ ಬಣ್ಣದ್ದಿತ್ತು, ಆಕಾಶ ಎಷ್ಟು ಆಳಕ್ಕೆ ಇಳಿಯುತ್ತಿತ್ತು ಎಂದು. ಆ ಪ್ರಶ್ನೆಗೆ ನಿಮ್ಮ ಚಿತ್ರ ನಿಜ ಹೇಳುವಂತಿರಲಿ.